ಅಜ್ಜಿ ಮನೆಯಲ್ಲಿ ಇಂದಿರಾ ಫೋಟೊ ಇದೆ, ಅರಸು ಫೋಟೊ ಇಲ್ಲ: 1974ರ ಭೂಮಸೂದೆಯ ಕೇಸ್ ಸ್ಟಡಿ

ಬಂಟ್ವಾಳ ತಾಲೂಕಲ್ಲಿರೋ ನಮ್ಮಜ್ಜಿ ಮನೆ ಚಾವಡಿ ಗೋಡೆಯಲ್ಲಿ ನಾಲ್ಕು ಫೋಟೊ ಇದಾವೆ. ಒಂದು ಅಜ್ಜಂದು, ಒಂದು ನಾರಾಯಣ ಗುರುಗಳದ್ದು, ಒಂದು ಯಾವುದೋ ಹಳೇ ಕ್ಯಾಲೆಂಡರಿಂದ ಕತ್ತರಿಸಿ ಫ್ರೇಮ್ ಹಾಕ್ಸಿದ ದೇವಿದು, ಇನ್ನೊಂದು ಇಂದಿರಾ ಗಾಂಧಿದು. ಅದಕ್ಕೆ ಪ್ಲಾಸ್ಟಿಕ್ ಹಾರ ಬೇರೆ. ಚಿಕ್ಕವನಿದ್ದಾಗ ಕೇಳಿದ್ದೆ, ಇವರ್ಯಾಕೆ ಇಲ್ಲಿ ಅಂತ. "ಜಾಗ ಕೊಟ್ಟದ್ದು ಅವಳಲ್ವಾ" ಅಂದ್ಲು ಅಜ್ಜಿ, ಏನೋ ಪಕ್ಕದ ಮನೆಯವಳು ಒಂದು ಹಲಸಿನಹಣ್ಣು ಕೊಟ್ಟಳು ಅನ್ನೋ ಹಾಗೆ. ಕಾಲೇಜಿಗೆ ಹೋದ್ಮೇಲೆ ಗೊತ್ತಾಯ್ತು, ಗೇಣಿದಾರರಿಗೆ ಜಾಗ ಕೊಟ್ಟ ಆ ಕಾನೂನು ಆಗಿದ್ದು ಬೆಂಗಳೂರಲ್ಲಿ, ಮಾಡ್ಸಿದ್ದು ಆಗಿನ ಮುಖ್ಯಮಂತ್ರಿ ದೇವರಾಜ ಅರಸು. ಅವರ ಫೋಟೊ ಮಾತ್ರ ನಮ್ಮೂರಲ್ಲಿ ಯಾರ ಮನೆ ಗೋಡೆ ಮೇಲೂ ನಾನು ನೋಡಿಲ್ಲ.

ಆ ಇಲ್ಲದ ಫೋಟೊ ಯಾಕೆ ಇಲ್ಲ ಅನ್ನೋದರಲ್ಲೇ ಇಡೀ ಕಥೆ ಇದೆ ಅಂತ ನಂಗನ್ಸುತ್ತೆ. ರಾಜಕಾರಣದಲ್ಲಿ ದೊಡ್ಡ ಕನಸು ಕಾಣೋರು ಬೇರೆ, ಕೆಲಸ ಆಗೋ ದಾರಿ ಹುಡುಕೋರು ಬೇರೆ ಅಂತ ನಾವು ವಿಂಗಡಿಸಿ ಇಟ್ಕೊಂಡಿರ್ತೀವಿ. ಅರಸು ಎರಡೂ ಹೌದು, ಆದ್ರೆ ಆ ಎರಡನ್ನೂ ಒಟ್ಟಿಗೆ ಹೊಲಿದ ದಾರ ಯಾವುದು ಅಂತ ನೋಡಿದ್ರೆ ಒಂಚೂರು ಇರಿಸುಮುರಿಸಾಗುತ್ತೆ.

ಮೊದಲು ಪರಿಸ್ಥಿತಿ ಏನಿತ್ತು ಅಂತ ಹೇಳ್ಬಿಡ್ತೀನಿ. ಕರಾವಳಿಯಲ್ಲಿ ಗೇಣಿ ಪದ್ಧತಿ. ಮೂಲಗೇಣಿ ಅಂದ್ರೆ ಕಾಯಂ ಒಕ್ಕಲು, ಗೇಣಿ ಕೊಡ್ತಾ ಇದ್ರೆ ಎಬ್ಬಿಸೋ ಹಾಗಿಲ್ಲ. ಚಾಲಗೇಣಿ ಅಂದ್ರೆ ಧಣಿ ಮನಸ್ಸು ಬಂದಷ್ಟು ದಿನ, ನಾಳೆ ಬಿಡು ಅಂದ್ರೆ ನಾಳೆ ಬಿಡ್ಬೇಕು. ನಮ್ಮಜ್ಜಂದು ಚಾಲಗೇಣಿ. ಬೈಲು, ಮಜಲು, ಬೆಟ್ಟು ಅಂತ ಗದ್ದೆ ಯಾವ ಮಟ್ಟದಲ್ಲಿದೆ ಅನ್ನೋದರ ಮೇಲೆ ಗೇಣಿ, ವರ್ಷಕ್ಕೆ ಇಷ್ಟು ಮುಡಿ (ಹುಲ್ಲಲ್ಲಿ ಕಟ್ಟಿದ ಮೂಟೆ) ಅಕ್ಕಿ ಅಂತ. ಮಳೆ ಕೈ ಕೊಟ್ರೂ ಮುಡಿ ಲೆಕ್ಕ ಬದಲಾಗಲ್ಲ. ಕಾಗದ ಪತ್ರ ಅಂತ ಏನೂ ಇಲ್ಲ, ಎಲ್ಲ ಬಾಯಿಮಾತು, ಗೇಣಿ ಅಳೆದು ಕೊಟ್ಟಿದ್ದಕ್ಕೆ ರಸೀದಿ ಕೇಳೋ ಧೈರ್ಯ ಯಾರಿಗಿತ್ತು ಹೇಳಿ.

ಹಾಗಂತ 1974ಕ್ಕೆ ಮುಂಚೆ ಯಾರೂ ಏನೂ ಮಾಡಿರ್ಲಿಲ್ಲ ಅಂತಲ್ಲ. ಸಾಗರದ ಹತ್ರ ಕಾಗೋಡಲ್ಲಿ 1951ರಲ್ಲಿ ದೀವರ ಗೇಣಿದಾರರು ಎದ್ದು ನಿಂತಿದ್ರು, ಎಚ್. ಗಣಪತಿಯಪ್ಪ, ಶಾಂತವೇರಿ ಗೋಪಾಲಗೌಡ, ಸಮಾಜವಾದಿಗಳೆಲ್ಲ ಅದ್ರ ಹಿಂದೆ, ಲೋಹಿಯಾ ಬಂದು ಅರೆಸ್ಟೂ ಆದ್ರು. ಉತ್ತರ ಕನ್ನಡದಲ್ಲಿ ದಿನಕರ ದೇಸಾಯಿ, ನಮ್ಮ ಜಿಲ್ಲೆಯಲ್ಲಿ ಕಮ್ಯುನಿಸ್ಟರು. ಕಾನೂನೂ ಇತ್ತು, 1961ರ ಮೈಸೂರು ಭೂಸುಧಾರಣಾ ಕಾಯ್ದೆ. ಅದು ಜಾರಿಗೆ ಬಂದಿದ್ದೇ 1965ರ ಅಕ್ಟೋಬರ್ 2ಕ್ಕೆ. ಪಾಸಾಗಿ ಜಾರಿಯಾಗೋ ನಡುವೆ ಅಷ್ಟು ವರ್ಷ ಅಂತರ ಸಿಕ್ಕಿದ್ರೆ ಭೂಮಾಲೀಕರು ಏನ್ ಮಾಡ್ತಾರೋ ಅದನ್ನೇ ಮಾಡಿದ್ರು, ಒಕ್ಕಲೆಬ್ಬಿಸಿದ್ರು. ಅದೂ ಸಾಲದು ಅಂತ ಸ್ವಂತ ಸಾಗುವಳಿಗೆ ಬೇಕು ಅಂತ ಹೇಳಿ ಜಮೀನಿನ ಒಂದು ಪಾಲು ವಾಪಸ್ ತಗೊಳ್ಳೋ ಅವಕಾಶ ಕಾಯ್ದೆಯಲ್ಲೇ ಇತ್ತು. ತಕರಾರು ಬಂದ್ರೆ ಮುನ್ಸೀಫರ ಮುಂದೆ. ಮುನ್ಸೀಫರ ಮುಂದೆ ವಕೀಲರು. ವಕೀಲರಿಗೆ ಫೀಸು. ಚಾಲಗೇಣಿ ಒಕ್ಕಲು ಅಲ್ಲಿಗೆ ಮುಗಿದ.

ಈಗ ಅರಸು ಕಡೆ ಬರೋಣ. ಹುಣಸೂರು ತಾಲೂಕಿನ ಕಲ್ಲಹಳ್ಳಿಯವರು, 1915ರಲ್ಲಿ ಹುಟ್ಟಿದ್ದು. ಮೈಸೂರು ಅರಮನೆ ನಂಟಿನ ಸಮುದಾಯ, ಆದ್ರೆ ಓಟಿನ ಲೆಕ್ಕದಲ್ಲಿ ಕೈಬೆರಳೆಣಿಕೆ. ಅವರಿಗಿಂತ ಮೊದಲು ವಿಶಾಲ ರಾಜ್ಯ ಆದಾಗಿಂದ ಮುಖ್ಯಮಂತ್ರಿ ಕುರ್ಚಿ ಲಿಂಗಾಯತರ ಕೈ ಬಿಟ್ಟು ಹೋಗಿರಲೇ ಇಲ್ಲ. 1969ರಲ್ಲಿ ಕಾಂಗ್ರೆಸ್ ಒಡೀತು, ನಿಜಲಿಂಗಪ್ಪನವರು ಸಂಸ್ಥಾ ಕಾಂಗ್ರೆಸ್, ರಾಜ್ಯದ ಘಟಾನುಘಟಿಗಳೆಲ್ಲ ಅವರ ಜೊತೆ. ಅರಸು ಇಂದಿರಾ ಕಡೆ ನಿಂತ್ರು. 1971ರ ಲೋಕಸಭೆಯಲ್ಲಿ ಇಂದಿರಾ ಕಾಂಗ್ರೆಸ್ಸಿಗೆ ರಾಜ್ಯದ 27ಕ್ಕೆ 27, 1972ರ ವಿಧಾನಸಭೆಯಲ್ಲಿ 216ರಲ್ಲಿ 165. ಅದೇ ಮಾರ್ಚ್ 20ಕ್ಕೆ ಅರಸು ಮುಖ್ಯಮಂತ್ರಿ.

165 ಸೀಟು ಅಂದ್ರೆ ಏನ್ ಬೇಕಾದ್ರೂ ಮಾಡ್ಬಹುದು ಅನ್ಸುತ್ತೆ ಅಲ್ವಾ? ಆದ್ರೆ ಆ ಸೀಟು ಅರಸುದ್ದಲ್ಲ, ಇಂದಿರಾ ಹೆಸರಿಂದು. ಹಸು-ಕರು ಗುರುತಿಂದು. ಸ್ವಂತ ಜಾತಿ ಬಲ ಇಲ್ಲ, ಗೆದ್ದು ಬಂದ ಶಾಸಕರಲ್ಲೂ ಭೂಮಿ ಇದ್ದವರು ಬೇಕಾದಷ್ಟು ಜನ. ಉಳುವವನೇ ಹೊಲದೊಡೆಯ ಅಂತ ಘೋಷಣೆ ಕೂಗೋದು ಸುಲಭ, ಕೂಗಿದ ಮೇಲೆ ಆ ಶಾಸಕರ ಕೈ ಮೇಲೆ ಎತ್ತಿಸ್ಬೇಕಲ್ಲ ಸದನದಲ್ಲಿ.

ಇಲ್ಲೇ ಅವರ ಲೆಕ್ಕಾಚಾರ ಶುರು. ಭೂಸುಧಾರಣೆ ಅಂದ್ರೆ ಎರಡು ಕೆಲಸ. ಒಂದು, ಗೇಣಿದಾರನಿಗೆ ಭೂಮಿ ಕೊಡೋದು. ಇನ್ನೊಂದು, ಒಬ್ಬ ಎಷ್ಟು ಭೂಮಿ ಇಟ್ಕೊಬಹುದು ಅಂತ ಮಿತಿ ಹಾಕಿ ಮಿಕ್ಕಿದ್ದನ್ನ ಭೂಮಿ ಇಲ್ಲದೋರಿಗೆ ಹಂಚೋದು. ಗೇಣಿ ಜೋರಾಗಿ ಇದ್ದಿದ್ದು ಎಲ್ಲಿ? ದಕ್ಷಿಣ ಕನ್ನಡ, ಉತ್ತರ ಕನ್ನಡ, ಶಿವಮೊಗ್ಗದ ಮಲೆನಾಡು ಕಡೆ. ಅಲ್ಲಿ ಧಣಿಗಳು ಬ್ರಾಹ್ಮಣರು, ಜೈನರು, ಬಂಟರು, ದೇವಸ್ಥಾನಗಳು, ಮಠಗಳು. ದುಡ್ಡಿದೆ, ಗತ್ತಿದೆ, ಆದ್ರೆ ರಾಜ್ಯದ ಮಟ್ಟದಲ್ಲಿ ಸರ್ಕಾರ ಬೀಳಿಸೋವಷ್ಟು ಸಂಖ್ಯಾಬಲ ಇಲ್ಲ. ಬಯಲುಸೀಮೆಯಲ್ಲಿ, ಹಳೇ ಮೈಸೂರಲ್ಲಿ ಬಲ ಇರೋ ಜಾತಿಗಳ ಜನ ಬಹುಪಾಲು ಸ್ವಂತ ಜಮೀನು ತಾವೇ ಮಾಡ್ಸೋರು, ಅವರಿಗೆ ಗೇಣಿ ಹೋದ್ರೆ ದೊಡ್ಡ ನಷ್ಟ ಇಲ್ಲ, ಅವರಿಗೆ ಭಯ ಇದ್ದಿದ್ದು ಮಿತಿ ಬಗ್ಗೆ.

ಅದಕ್ಕೆ ಅರಸು ಏನ್ ಮಾಡಿದ್ರು ಅಂದ್ರೆ ಗೇಣಿ ವಿಷಯದಲ್ಲಿ ಕೊಡಲಿ ಎತ್ತಿದ್ರು, ಮಿತಿ ವಿಷಯದಲ್ಲಿ ಕತ್ತರಿ. 1974ರ ತಿದ್ದುಪಡಿ ಪ್ರಕಾರ ಆ ವರ್ಷ ಮಾರ್ಚ್ 1ಕ್ಕೆ ರಾಜ್ಯದಲ್ಲಿರೋ ಎಲ್ಲ ಗೇಣಿ ಜಮೀನು ಸರ್ಕಾರಕ್ಕೆ ಸೇರ್ತು. ಎಲ್ಲ ಅಂದ್ರೆ ಎಲ್ಲ. ಸ್ವಂತಕ್ಕೆ ಬೇಕು ಅಂತ ವಾಪಸ್ ಕೇಳೋ ಬಾಗಿಲು ಬಂದ್. ಮುಂದಕ್ಕೆ ಗೇಣಿಗೆ ಕೊಡೋದೇ ನಿಷಿದ್ಧ, ಸೈನಿಕರಿಗೆ ಹಡಗಲ್ಲಿ ದುಡಿಯೋರಿಗೆ ಮಾತ್ರ ವಿನಾಯ್ತಿ. ಮಿತಿ ಕಡೆ ನೋಡಿದ್ರೆ ಐದು ಜನರ ಕುಟುಂಬಕ್ಕೆ 10 ಯೂನಿಟ್, ಅದು ಎರಡು ಬೆಳೆ ನೀರಾವರಿ ಆದ್ರೆ 10 ಎಕರೆ, ಒಣ ಭೂಮಿ ಆದ್ರೆ 54 ಎಕರೆ. ಕುಟುಂಬ ದೊಡ್ಡದಾದ್ರೆ 20 ಯೂನಿಟ್ ತನಕ. ಈ 54 ಅನ್ನೋ ನಂಬರು ಅರಸು ಕಂಡುಹಿಡಿದಿದ್ದಲ್ಲ, 1972ರ ಜುಲೈನಲ್ಲಿ ದಿಲ್ಲಿಯಲ್ಲಿ ಮುಖ್ಯಮಂತ್ರಿಗಳ ಸಭೆ ಆದಾಗ ಒಪ್ಪಿದ ಮೇಲ್ಮಟ್ಟ ಅದು. ಅದಕ್ಕಿಂತ ಕಮ್ಮಿ ಮಾಡೋಕೆ ಯಾರೂ ಬೇಡ ಅಂದಿರ್ಲಿಲ್ಲ, ಮಾಡ್ಲಿಲ್ಲ. ಕಾಫಿ, ಟೀ, ರಬ್ಬರ್, ಏಲಕ್ಕಿ ತೋಟಗಳಿಗೆ ವಿನಾಯ್ತಿ. ಕೊಡಗು ಚಿಕ್ಕಮಗಳೂರಿನ ಎಸ್ಟೇಟುಗಳು ನಿಟ್ಟುಸಿರು ಬಿಟ್ವು.

ಇದನ್ನ ಮೊದಲ ಸಲ ಓದಿದಾಗ ನಂಗೆ ಸಿಟ್ಟು ಬಂದಿತ್ತು, ಅಂದ್ರೆ ಬಲ ಇಲ್ಲದ ಧಣಿಗೆ ಹೊಡೆದು ಬಲ ಇರೋ ರೈತನ್ನ ಬಿಟ್ರು ಅಂತಾಯ್ತಲ್ಲ ಅಂತ. ಈಗ ಸಿಟ್ಟಿಲ್ಲ, ಒಪ್ಪಿಗೆಯೂ ಪೂರ್ತಿ ಇಲ್ಲ. ಎರಡು ಕಡೆನೂ ಒಂದೇ ಸಲ ಹೊಡೆದಿದ್ರೆ ಮಸೂದೆ ಸದನ ದಾಟ್ತಿರ್ಲಿಲ್ಲ, ನಮ್ಮಜ್ಜ ಸಾಯೋ ತನಕ ಮುಡಿ ಕಟ್ತಿದ್ದ. ಇನ್ನೊಂದು ಕಡೆಯಿಂದ ನೋಡಿದ್ರೆ ಮಿತಿಯಿಂದ ಬರೋ ಹೆಚ್ಚುವರಿ ಭೂಮಿಯನ್ನ ನಂಬ್ಕೊಂಡಿದ್ದ ಕೂಲಿಯವರಿಗೆ, ಅದ್ರಲ್ಲೂ ದಲಿತರಿಗೆ ಸಿಕ್ಕಿದ್ದು ಚೂರುಪಾರು. ಯಾಕಂದ್ರೆ ಗೇಣಿ ಹಿಡಿಯೋಕೂ ಒಂದು ಎತ್ತು ನೇಗಿಲು ಬೇಕಿತ್ತು, ಅದೂ ಇಲ್ಲದೋರು ಒಕ್ಕಲು ಪಟ್ಟಿಯಲ್ಲೇ ಇರ್ಲಿಲ್ಲ. ಆ ಕಾಯ್ದೆಯಿಂದ ಕೂಲಿಯವರಿಗೆ ಸಿಕ್ಕಿದ್ದು ಅಂದ್ರೆ ಹೆಚ್ಚಾಗಿ ತಾವಿದ್ದ ಮನೆ ಅಡಿಯ ಜಾಗ.

ಇನ್ನು ಟ್ರಿಬ್ಯೂನಲ್ ವಿಷಯ, ನನ್ನ ಪ್ರಕಾರ ಅರಸು ತಲೆ ಕಾಣ್ಸೋದು ಘೋಷಣೆಯಲ್ಲಲ್ಲ, ಇಲ್ಲಿ.

ಹಳೇ ಕಾಯ್ದೆ ಕೆಟ್ಟಿದ್ದು ಕೋರ್ಟಲ್ಲಿ ಅಂತ ಅವರಿಗೆ ಗೊತ್ತಿತ್ತು. ಅದಕ್ಕೆ ತಾಲೂಕಿಗೊಂದು ಭೂ ನ್ಯಾಯಮಂಡಳಿ. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷ, ಜೊತೆಗೆ ಸರ್ಕಾರ ನೇಮಿಸಿದ ನಾಲ್ಕು ಜನ ಹೊರಗಿನವರು, ಅದ್ರಲ್ಲಿ ಒಬ್ಬರಾದ್ರೂ ಪರಿಶಿಷ್ಟ ಜಾತಿ ಪಂಗಡದವರು. ವಕೀಲರಿಗೆ ಪ್ರವೇಶ ಇಲ್ಲ. ಸಿವಿಲ್ ಕೋರ್ಟಿಗೆ ಹೋಗೋ ಹಾಗಿಲ್ಲ, ಬೇಕಾದ್ರೆ ಹೈಕೋರ್ಟಿಗೆ ರಿಟ್ ಹಾಕಿ. ಮೇಲಿಂದ 1974ರಲ್ಲೇ ಸಂವಿಧಾನದ 34ನೇ ತಿದ್ದುಪಡಿಯಲ್ಲಿ ಈ ಕಾಯ್ದೆಯನ್ನ 9ನೇ ಅನುಸೂಚಿಗೆ ಸೇರಿಸಿದ್ರು, ಕಾಯ್ದೆಯನ್ನೇ ಪ್ರಶ್ನೆ ಮಾಡೋದು ಕಷ್ಟ ಆಯ್ತು. ಗೇಣಿದಾರ ಮಾಡ್ಬೇಕಾಗಿದ್ದು ಒಂದೇ, ಫಾರಂ 7 ತುಂಬಿ ಕೊಡೋದು. ನಮ್ಮ ಕಡೆ ಅದಕ್ಕೆ ಡಿಕ್ಲರೇಶನ್ ಅಂತಲೇ ಹೆಸರು, ಈಗಲೂ "ಅದು ಡಿಕ್ಲರೇಶನ್ ಜಾಗ" ಅಂದ್ರೆ ಎಲ್ಲರಿಗೂ ಅರ್ಥ ಆಗುತ್ತೆ. ಕಾಗದ ಇಲ್ದಿದ್ರೂ ಪರವಾಗಿಲ್ಲ, ಪಹಣಿ ನೋಡ್ತಾರೆ, ಸ್ಥಳಕ್ಕೆ ಬರ್ತಾರೆ, ಅಕ್ಕಪಕ್ಕದವರನ್ನ ಕೇಳ್ತಾರೆ. ಕೊನೇ ದಿನಾಂಕ ಮುಂದಕ್ಕೆ ಹೋಗ್ತಾ ಹೋಗ್ತಾ 1979ರ ಜೂನ್ 30ಕ್ಕೆ ಬಂದು ನಿಂತ್ಕೊಂತು, ಒಟ್ಟು 8 ಲಕ್ಷಕ್ಕೂ ಮೇಲೆ ಅರ್ಜಿ, ಅರ್ಧಕ್ಕಿಂತ ಹೆಚ್ಚು ಗೇಣಿದಾರರ ಪರ ಆಯ್ತು.

ಆ ನಾಲ್ಕು ಜನ ಹೊರಗಿನವರು ಯಾರು? ಆಳೋ ಪಕ್ಷದ ಶಾಸಕರು, ಕಾರ್ಯಕರ್ತರು, ಊರಲ್ಲಿ ಬೆಳೀತಾ ಇದ್ದ ಹೊಸ ಮುಖಗಳು. ನಿನ್ನೆ ತನಕ ಧಣಿ ಜಗಲಿ ಕೆಳಗೆ ನಿಂತ್ಕೊಳ್ತಿದ್ದ ಮನುಷ್ಯ ಇವತ್ತು ಟೇಬಲ್ ಹಿಂದೆ ಕೂತು ಧಣಿನ್ನ ಪ್ರಶ್ನೆ ಕೇಳ್ತಾನೆ. ಇದು ಕ್ರಾಂತಿ ಅಂತ ಹೇಳೋರಿದ್ದಾರೆ, ಪಕ್ಷದ ಪುಢಾರಿಗಳಿಗೆ ಅಧಿಕಾರ ಹಂಚಿದ್ದು ಅಂತ ಹೇಳೋರೂ ಇದ್ದಾರೆ. ಎರಡೂ ನಿಜ, ಅರಸು ಎರಡನ್ನೂ ಬೇಕು ಅಂತಲೇ ಮಾಡಿದ್ರು ಅಂತ ನನ್ನ ಅನಿಸಿಕೆ. ಕಾನೂನು ಜಾರಿ ಆಗ್ಬೇಕಾದ್ರೆ ಅದು ಜಾರಿಯಾಗೋದರಲ್ಲಿ ಲಾಭ ಇರೋ ಜನ ತಾಲೂಕಿಗೆ ನಾಲ್ಕು ಬೇಕು, ಬರೀ ಆದರ್ಶ ನಂಬ್ಕೊಂಡ್ರೆ ಫೈಲು ಏಳಲ್ಲ. ಭೂಸುಧಾರಣೆ ಖಾತೆ ನೋಡ್ಕೊಂಡಿದ್ದೂ ಸುರತ್ಕಲ್ ಶಾಸಕರಾಗಿದ್ದ ಬಿ. ಸುಬ್ಬಯ್ಯ ಶೆಟ್ರು, ಅಂದ್ರೆ ಭೂಮಿ ಕಳ್ಕೊಳ್ಳೋ ಕಡೆಯ ಸಮುದಾಯದವರೇ. ಇದು ಕಾಕತಾಳೀಯ ಇರಬಹುದು, ಆದ್ರೆ ಅರಸು ವಿಷಯದಲ್ಲಿ ಕಾಕತಾಳೀಯ ಅಂತ ನಂಬೋಕೆ ನಂಗೆ ಕಷ್ಟ.

ನಮ್ಮಜ್ಜ ಡಿಕ್ಲರೇಶನ್ ಕೊಡೋಕೆ ಎಂಟು ತಿಂಗಳು ಯೋಚ್ನೆ ಮಾಡಿದನಂತೆ. ಹೆದರಿಕೆ ಇದ್ದಿದ್ದು ದೈವಕ್ಕೆ, ಪೊಲೀಸಿಗಲ್ಲ. ಧಣಿ ಉಪ್ಪು ತಿಂದು ಧಣಿ ಜಾಗ ಕೇಳೋದಾ, ನಾಳೆ ಕೋಲದಲ್ಲಿ ದೈವ ಏನಾದ್ರೂ ಹೇಳಿಬಿಟ್ರೆ? ನಮ್ಮೂರಲ್ಲೇ ಎರಡು ಮನೆಯವರು ಇದೇ ಕಾರಣಕ್ಕೆ ಕೊಡಲೇ ಇಲ್ಲ, ಧಣಿ ಎದುರು ಕೈ ಮುಗಿದು ನಮಗೆ ಬೇಡ ಅಂತ ಬಂದ್ರು, ಅವರ ಮಕ್ಕಳು ಆಮೇಲೆ ಬೊಂಬಾಯಿ ಬಸ್ ಹತ್ತಿದ್ರು. ಬೆಂಗಳೂರಲ್ಲಿ ಕೂತು ಬರೆದ ಯಾವ ಸೆಕ್ಷನ್ನಿಗೂ ಇದು ಹೊಳೆದಿರ್ಲಿಕ್ಕಿಲ್ಲ.

ಮತ್ತೆ ನಮ್ಮ ಧಣಿ ಅಂತ ಇಷ್ಟು ಹೊತ್ತು ಹೇಳ್ತಾ ಬಂದೆನಲ್ಲ, ಅದು ಒಬ್ಬ ವಿಧವೆ. ಒಂದೂವರೆ ಎಕರೆ ಚಿಲ್ಲರೆ ಗದ್ದೆ, ಗಂಡ ಬೇಗ ತೀರ್ಕೊಂಡು ಮಾಡ್ಸೋಕೆ ಜನ ಇಲ್ಲದೆ ಗೇಣಿಗೆ ಕೊಟ್ಟಿದ್ದು. ನೂರು ಎಕರೆ ಧಣಿಗೂ ಆ ಅಮ್ಮನಿಗೂ ಕಾಯ್ದೆಯಲ್ಲಿ ಫರಕು ಇರ್ಲಿಲ್ಲ, ಗೇಣಿ ಅಂದ್ರೆ ಗೇಣಿ. ಪರಿಹಾರ ಅಂತ ಇತ್ತು, ಅದು ಗೇಣಿ ಲೆಕ್ಕದ ಮೇಲೆ, ಮಾರ್ಕೆಟ್ ರೇಟಿಗೂ ಅದಕ್ಕೂ ಸಂಬಂಧ ಇಲ್ಲ. ಸಣ್ಣವರಿಗೆ ವಿನಾಯ್ತಿ ಕೊಟ್ಟಿದ್ರೆ ಆ ತೂತಲ್ಲಿ ದೊಡ್ಡವರೆಲ್ಲ ನುಗ್ತಿದ್ರು, ಜಮೀನನ್ನ ಹೆಂಡತಿ ಹೆಸರಿಗೆ ಅತ್ತೆ ಹೆಸರಿಗೆ ಚೂರು ಮಾಡಿ ಎಲ್ಲ ವಿಧವೆಯರೇ ಆಗಿಬಿಡ್ತಿದ್ರು, ಹಿಂದಿನ ಕಾಯ್ದೆಯ ಪಾಠ ಅದೇ ಅಂತ ವಾದ ಇದೆ, ಆ ವಾದ ಸರಿ ಕೂಡ. ಆದ್ರೂ ನಮಗೆ ಸಿಕ್ಕ ಗದ್ದೆ ಆ ಅಮ್ಮನ ತಟ್ಟೆಯಿಂದ ಬಂತು ಅನ್ನೋದನ್ನ ನಮ್ಮ ಮನೆಯಲ್ಲಿ ಯಾರೂ ಬಾಯಿ ಬಿಟ್ಟು ಹೇಳಲ್ಲ.

ನಮ್ಮ ಕೇಸ್ ವಿಚಾರಣೆಗೆ ಬಂದಿದ್ದು 1976ರಲ್ಲಿ. ಎಮರ್ಜೆನ್ಸಿ ಕಾಲ. 1975ರ ಜುಲೈ 1ಕ್ಕೆ ಇಂದಿರಾ 20 ಅಂಶದ ಕಾರ್ಯಕ್ರಮ ಹೇಳಿದ್ರಲ್ಲ, ಅದ್ರಲ್ಲಿ ಭೂಸುಧಾರಣೆನೂ ಇತ್ತು, ಜೀತ ವಿಮುಕ್ತಿ, ಸಾಲ ಪರಿಹಾರನೂ ಇತ್ತು. ಅರಸುಗೆ ಅದು ಹಬ್ಬ. ತಾನು ಮೊದಲೇ ಶುರು ಮಾಡಿದ್ದ ಕೆಲಸಕ್ಕೆ ಈಗ ದಿಲ್ಲಿ ಸೀಲು ಬಿತ್ತು, ಇದನ್ನ ತಡೆಯೋನು ಇಂದಿರಾ ವಿರೋಧಿ ಅಂತಾಯ್ತು, ಆಗ ಇಂದಿರಾ ವಿರೋಧಿ ಅನ್ನಿಸ್ಕೊಳ್ಳೋಕೆ ಯಾರಿಗೆ ಗುಂಡಿಗೆ. ಟ್ರಿಬ್ಯೂನಲ್ಲುಗಳು ಓಡೋಕೆ ಶುರು ಮಾಡಿದ್ವು. ಅದೇ ಹೊತ್ತಿಗೆ ಬೆಂಗಳೂರು ಜೈಲಲ್ಲಿ ನಟಿ ಸ್ನೇಹಲತಾ ರೆಡ್ಡಿ ಆಸ್ತಮಾದಲ್ಲಿ ನರಳ್ತಿದ್ರು, 1977ರ ಜನವರಿಯಲ್ಲಿ ಬಿಟ್ಟ ಕೆಲವೇ ದಿನಕ್ಕೆ ಸತ್ರು. ಜಾರ್ಜ್ ಫರ್ನಾಂಡಿಸರ ತಮ್ಮ ಲಾರೆನ್ಸನ್ನ 1976ರ ಮೇನಲ್ಲಿ ಬೆಂಗಳೂರಲ್ಲಿ ಹಿಡಿದು ಪೊಲೀಸರು ಬಡಿದಿದ್ದು ದೇಶಕ್ಕೇ ಗೊತ್ತು. ಸಮಾಜವಾದಿಗಳು ಅವರೆಲ್ಲ, ಕಾಗೋಡಲ್ಲಿ ಗೇಣಿದಾರರ ಪರ ಮೊದಲು ಕೂಗಿದ ಬಳಗ. ಅವರು ಒಳಗೆ, ಅವರು ಕೇಳಿದ್ದ ಕಾಯ್ದೆ ಹೊರಗೆ ಜಾರಿ ಆಗ್ತಾ ಇದೆ. ಮುಖ್ಯಮಂತ್ರಿ ಅರಸುನೇ. ಅವರನ್ನ ಹೊಗಳೋ ಲೇಖನಗಳಲ್ಲಿ ಈ ಪ್ಯಾರಾ ಸಾಮಾನ್ಯವಾಗಿ ಇರಲ್ಲ.

ಮೀಸಲಾತಿಯಲ್ಲೂ ಅವರ ಆಟ ಹೀಗೇ, ಉದ್ದ ಹೇಳಲ್ಲ. 1972ರಲ್ಲಿ ಹಿಂದುಳಿದ ವರ್ಗಗಳಿಗೆ ಎಲ್.ಜಿ. ಹಾವನೂರು ಆಯೋಗ, 1975ರ ನವೆಂಬರಲ್ಲಿ ವರದಿ, ಆದೇಶ ಬಂದಿದ್ದು ಮಾತ್ರ 1977ರ ಫೆಬ್ರವರಿಯಲ್ಲಿ, ಲೋಕಸಭೆ ಎಲೆಕ್ಷನ್ ಮುಂದಿರೋವಾಗ. ಪಟ್ಟಿಯಲ್ಲಿ ಒಕ್ಕಲಿಗರು ಒಳಗೆ, ಲಿಂಗಾಯತರು ಹೊರಗೆ, ಅಂದ್ರೆ ಎರಡು ದೊಡ್ಡ ಸಮುದಾಯ ಒಟ್ಟಿಗೆ ಬೀದಿಗೆ ಇಳಿಯೋ ಹಾಗಿಲ್ಲ. ಭೂಮಿ ವಿಷಯದಲ್ಲಿ ಕರಾವಳಿ ಬೇರೆ ಬಯಲುಸೀಮೆ ಬೇರೆ ಮಾಡಿದ ಅದೇ ಕೈ.

ಫಲ ಸಿಕ್ತು. 1977ರಲ್ಲಿ ಉತ್ತರ ಭಾರತದಲ್ಲಿ ಇಂದಿರಾ ಕಾಂಗ್ರೆಸ್ ಗುಡಿಸಿಕೊಂಡು ಹೋದಾಗ ಕರ್ನಾಟಕದಲ್ಲಿ 28ರಲ್ಲಿ 26. ಜನತಾ ಸರ್ಕಾರ ಅರಸು ಮೇಲಿನ ಭ್ರಷ್ಟಾಚಾರದ ಆರೋಪಗಳಿಗೆ ಗ್ರೋವರ್ ಆಯೋಗ ಕೂರಿಸ್ತು, ರಾಜ್ಯ ಸರ್ಕಾರ ಅದನ್ನ ಸುಪ್ರೀಂ ಕೋರ್ಟಲ್ಲಿ ಪ್ರಶ್ನೆ ಮಾಡಿ ಸೋತಿತು, ಆಯೋಗ ಕೆಲವು ಆರೋಪ ನಿಜ ಅಂತಲೂ ಹೇಳ್ತು. ಡಿಸೆಂಬರ್ 31ಕ್ಕೆ ರಾಷ್ಟ್ರಪತಿ ಆಳ್ವಿಕೆ. ಎರಡೇ ತಿಂಗಳಲ್ಲಿ ಎಲೆಕ್ಷನ್ ಆಗಿ 224ರಲ್ಲಿ 149 ಗೆದ್ದು ಅರಸು ವಾಪಸ್. 1978ರ ನವೆಂಬರಲ್ಲಿ ಚಿಕ್ಕಮಗಳೂರಿಂದ ಇಂದಿರಾರನ್ನ ಲೋಕಸಭೆಗೆ ಕಳ್ಸಿದ್ರು, ಎದುರಿಗಿದ್ದಿದ್ದು ವೀರೇಂದ್ರ ಪಾಟೀಲರು. ಆ ಹೊತ್ತಿಗೆ ಯಾರಿಗೆ ಯಾರು ಆಸರೆ ಅನ್ನೋ ಪ್ರಶ್ನೆಗೆ ಅರಸು ಮನಸ್ಸಲ್ಲಿ ಉತ್ತರ ಬದಲಾಗಿತ್ತು ಅನ್ಸುತ್ತೆ.

1979ರ ಜೂನಲ್ಲಿ ಜಗಳ ಮುರಿದು ಬಿತ್ತು, ಅರಸುರನ್ನ ಪಕ್ಷದಿಂದ ಹೊರಗೆ ಹಾಕಿದ್ರು, ಅವರು ಅರಸು ಕಾಂಗ್ರೆಸ್ ಅಂತ ಕಟ್ಟಿದ್ರು. ಏಳು ವರ್ಷದ ಕೆಲಸ ಕಣ್ಣೆದುರಿಗಿದೆ, ಲಕ್ಷಗಟ್ಲೆ ಮನೆಗೆ ಭೂಮಿ ಸಿಕ್ಕಿದೆ, ಹಿಂದುಳಿದೋರಿಗೆ ನೌಕರಿ ಸಿಕ್ಕಿದೆ, ಜನ ನನ್ನ ಜೊತೆ ಅಂತ ಅಂದ್ಕೊಂಡಿರ್ಬೇಕು. 1980ರ ಜನವರಿ ಲೋಕಸಭೆಯಲ್ಲಿ ಇಂದಿರಾ ಕಾಂಗ್ರೆಸ್ಸಿಗೆ 28ರಲ್ಲಿ 27. ಶಾಸಕರು ರಾತ್ರೋರಾತ್ರಿ ಆ ಕಡೆ. ಜನವರಿ 12ಕ್ಕೆ ಗುಂಡೂರಾವ್ ಮುಖ್ಯಮಂತ್ರಿ.

ಅಜ್ಜಿನ್ನ ಕೇಳಿದ್ದೆ, 1980ರಲ್ಲಿ ಯಾರಿಗೆ ಓಟು ಹಾಕಿದ್ದೆ ಅಂತ. "ಕೈಗೆ, ಮತ್ತ್ಯಾರಿಗೆ" ಅಂದ್ಲು. ಅರಸು ಬೇರೆ ಪಕ್ಷ ಅಂತ ಗೊತ್ತಿತ್ತಾ? ಗೊತ್ತಿತ್ತು, ಆದ್ರೆ ಅವರು ಯಾಕೆ ಬಿಟ್ಟು ಹೋದ್ರು ಅಂತ ಗೊತ್ತಿರ್ಲಿಲ್ಲ. ಏಳು ವರ್ಷ ಪ್ರತಿ ಸಭೆಯಲ್ಲಿ, ಪ್ರತಿ ಪೋಸ್ಟರಲ್ಲಿ, ಇದು ಇಂದಿರಮ್ಮನ ಕಾರ್ಯಕ್ರಮ ಅಂತಲೇ ಹೇಳ್ಕೊಂಡು ಬಂದಿದ್ದು ಅರಸು ಪಕ್ಷದವರೇ. ಶಾಸಕರ ಬಾಯಿ ಮುಚ್ಚಿಸೋಕೆ, ಧಣಿಗಳನ್ನ ಹೆದ್ರಿಸೋಕೆ, ಅಧಿಕಾರಿಗಳನ್ನ ಓಡಿಸೋಕೆ ಆ ಹೆಸರೇ ಬೇಕಿತ್ತು, ಅದು ಸಾಲ ತಂದ ಹೆಸರು, ಸಾಲ ಕೊಟ್ಟೋಳು ವಾಪಸ್ ತಗೊಂಡ್ಲು. ಸ್ವಂತ ಹೆಸರಲ್ಲಿ ಮಾಡೋಕೆ ಹೋಗಿದ್ರೆ? ಜಾತಿ ಇಲ್ಲ, ಸ್ವಂತ ಪಕ್ಷ ಇಲ್ಲ, 1974ರಲ್ಲೇ ಮನೆಗೆ ಹೋಗ್ತಿದ್ರು ಅನ್ನೋದು ನನ್ನ ಊಹೆ. ಅರಸು ತೀರ್ಕೊಂಡಿದ್ದು 1982ರ ಜೂನ್ 6ಕ್ಕೆ. ನಮ್ಮೂರಲ್ಲಿ ಅವತ್ತು ಯಾರೂ ಏನೂ ಮಾಡಿದ ನೆನಪು ಅಜ್ಜಿಗಿಲ್ಲ, ಇಂದಿರಾ ಸತ್ತಾಗ ಮಾತ್ರ ಮೂರು ದಿನ ಯಾರೂ ಗದ್ದೆಗೆ ಇಳೀಲಿಲ್ಲ ಅಂತಾಳೆ.

ಹೋದ ವರ್ಷ ಆ ವಿಧವೆ ಅಮ್ಮನ ಮೊಮ್ಮಗ ಬಂದಿದ್ದ, ಪುಣೆಯಲ್ಲಿರ್ತಾನೆ, ಹೆಂಡತಿ ಮಕ್ಕಳಿಗೆ ಅಜ್ಜಿ ಊರು ತೋರಿಸೋಕೆ ಅಂತ. ಗದ್ದೆ ಈಗ ಗದ್ದೆಯಾಗಿ ಉಳಿದಿಲ್ಲ, ಮುಕ್ಕಾಲು ಅಡಿಕೆ, ಒಂದು ಮೂಲೆಯಲ್ಲಿ ಮಾತ್ರ ಭತ್ತ ಇದೆ, ಅದೂ ಅಜ್ಜಿ ಹಟಕ್ಕೆ. ಅವನು ಅಂಚಿನ ಮೇಲೆ ನಿಂತು ಫೋಟೊ ತೆಗೆದ, ಇಲ್ಲೇ ಅಲ್ವಾ ನಮ್ದು ಇದ್ದಿದ್ದು ಅಂದ, ಆಮೇಲೆ ತಪ್ಪಾಯ್ತೇನೋ ಅನ್ನೋ ಹಾಗೆ ಸುಮ್ನಾದ. ಚಾವಡಿಯಲ್ಲಿ ಚಹಾ ಕುಡಿಯೋವಾಗ ಗೋಡೆ ಫೋಟೊ ಕಡೆ ಒಂದ್ಸಲ ನೋಡಿದ, ಏನೂ ಕೇಳ್ಲಿಲ್ಲ. ಹೊರಡೋವಾಗ ಅಜ್ಜಿ ಒಳಗೆ ಹೋಗಿ ಒಂದು ಚೀಲ ಕುಚ್ಚಲಕ್ಕಿ ತಂದು ಅವನ ಕಾರ್ ಡಿಕ್ಕಿಯಲ್ಲಿ ಇಡ್ಸಿದ್ಲು. ಬೇಡ ಅಂದ, ಇರ್ಲಿ ಅಂದ್ಲು. ಅದಕ್ಕೆ ಇಬ್ರೂ ಯಾವ ಹೆಸರೂ ಹೇಳ್ಲಿಲ್ಲ.